ಮಾನಸೋಲ್ಲಾಸದ ಮಲ್ಲವಿನೋದವೂ ಇಂದಿನ ಸ್ನಾಯುವಿಜ್ಞಾನವೂ: ಒಂದು ವಿಮರ್ಶೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ವು ಕರ್ನಾಟಕದ ಸಾಮಾಜಿಕ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಎಂಥ ನಿಧಿಯೆಂಬುದು ವಿದಿತವೇ ಇದೆ. ಅರಮನೆಯ ಅಡುಗೆ, ಉಡುಗೆ, ಆನೆಯ ಶಿಕ್ಷಣ, ಸಂಗೀತ, ಚಿತ್ರಕಲೆ, ಮೀನು ಹಿಡಿಯುವ ವಿಧಾನ ಮೊದಲಾದ ನೂರು ವಿಷಯಗಳನ್ನು ಇಪ್ಪತ್ತರಂತೆ ಐದು ವಿಂಶತಿಗಳಲ್ಲಿ ಹವಣಿಸಿ ಹೇಳುವ ಈ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವಿದೆ. ಈಚೆಗೆ ಕೆಲವು ಕಾಲೇಜು ಸಭೆಗಳಲ್ಲಿಯೂ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಆ ಪ್ರಕರಣವನ್ನು ಕುರಿತು ಒಂದು ಮಾತು ಕೇಳಿಬರುತ್ತಿದೆ: ದೇಹದ ಸ್ನಾಯುಗಳು ಹೇಗೆ ಬೆಳೆಯುತ್ತವೆ, ಹೇಗೆ ಕ್ಷಯಿಸುತ್ತವೆ ಎಂದು ಇಂದಿನ ಅಣುಜೀವವಿಜ್ಞಾನವು ಕಂಡುಕೊಂಡುದನ್ನೆಲ್ಲ ನಮ್ಮ ಚಾಲುಕ್ಯ ದೊರೆ ಒಂಬತ್ತು ಶತಮಾನಗಳ ಹಿಂದೆಯೇ ಅರಿತಿದ್ದನು ಎಂಬುದೇ ಆ ಮಾತು. ಅದು ಅಭಿಮಾನದಿಂದ ಹುಟ್ಟಿದ ಮಾತಾದ್ದರಿಂದ ಅದನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಆದರೆ ಅಭಿಮಾನವು ಪ್ರಮಾಣದ ಸ್ಥಾನದಲ್ಲಿ ಕುಳಿತುಕೊಳ್ಳಲಾಗದು. ಗ್ರಂಥವು ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸೋಮೇಶ್ವರನು ಆರನೆಯ ವಿಕ್ರಮಾದಿತ್ಯನ ಮಗ. ಗ್ರಂಥದ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ. ಶ. 1130ರ ಸುಮಾರೆಂದು ನಿರ್ಣಯಿಸುತ್ತಾರೆ. ಅಭಿಲಷಿತಾರ್ಥಚಿಂತಾಮಣಿಯೆಂಬ ಇನ್ನೊಂದು ಹೆಸರಿನಿಂದ ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೋಂದೇಕರರ ಸಂಪಾದನೆಯಲ್ಲಿ 1925ರಿಂದ 1961ರವರೆಗೆ ಮೂರು ಸಂಪುಟಗಳು ಹೊರಬಂದವು. ಮಲ್ಲವಿನೋದವನ್ನು ಉದಾಹರಿಸುವವರಲ್ಲಿ ಬಹುಮಂದಿ ಈ ಸಂಪುಟಗಳನ್ನು ತೆರೆದಿಲ್ಲವೆಂಬುದು ಅವರ ಮಾತಿನಿಂದಲೇ ತಿಳಿಯುತ್ತದೆ. ಗ್ರಂಥವು ಸಂಸ್ಕೃತದಲ್ಲಿದ್ದರೂ ಅದರ ನೆಲ ನಮ್ಮದೇ. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಪುಲಿಗೆರೆ ಮುನ್ನೂರು ಚಾಲುಕ್ಯರ ಆಳ್ವಿಕೆಯ ಹೃದಯಭಾಗದಲ್ಲಿದ್ದ ನಾಡು. ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಈ ಪ್ರಕರಣವು ಪರದೇಶದ ವೃತ್ತಾಂತವಲ್ಲ.

ಪ್ರಕರಣದ ಸಾರವಿಷ್ಟು. ರಾಜನು ಮಲ್ಲರನ್ನು ಪೋಷಿಸಿ ಅವರ ಕಾಳಗವನ್ನು ನೋಡಿ ವಿನೋದಪಡಬೇಕು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಬೇಕು. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಭಕ್ಷ್ಯ ಮೊದಲಾದವನ್ನು ಅರಮನೆಯೇ ಒದಗಿಸಬೇಕು. ಸ್ತ್ರೀಸಂಗದಿಂದ ಅವರನ್ನು ದೂರವಿಡಬೇಕು. ಅವರು ದಿನವೂ ಮಾಡತಕ್ಕ ಸಾಧನೆಗಳಿಗೆ 'ಶ್ರಮ'ವೆಂದು ಹೆಸರು. ಭಾರವೆತ್ತುವುದು ಭಾರಶ್ರಮ, ಮುಂಜಾನೆ ದೂರ ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವುದು ಬಾಹುಪೆಲ್ಲಣಕಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಕುಸ್ತಿಯ ಹಿಡಿತಗಳ ಹೆಸರುಗಳೂ ಬರುತ್ತವೆ. ಅವನ್ನು ಪ್ರಯೋಗಿಸುವ ಬಗೆಯನ್ನು ಗ್ರಂಥಕರ್ತನು ವಿವರಿಸಹೋಗಿಲ್ಲ. ಗರಡಿಯ ಉಸ್ತಾದನಿಗೆ ಆ ವಿವರಣೆ ಬೇಕಿರಲಿಲ್ಲ, ದೊರೆಗೆ ಅದರ ಅಗತ್ಯವಿರಲಿಲ್ಲ.

ಈ ಪಟ್ಟಿಯು ಎಷ್ಟು ವ್ಯವಸ್ಥಿತವಾಗಿದೆಯೆಂಬುದನ್ನು ಮನಗಾಣಬೇಕು. ಭಾರಶ್ರಮವೆಂದರೇನೆಂದು ತಿಳಿಯಲು ನಮ್ಮ ಕಡೆಯವರು ಕೋಶವನ್ನು ನೋಡಬೇಕಾಗಿಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ, ತುಂಬಿದ ಚೀಲವನ್ನು ಹೆಗಲಿಗೇರಿಸುವ ಪಂದ್ಯಗಳನ್ನು ಕಂಡವರಿಗೆ ಅದು ಪ್ರತ್ಯಕ್ಷ. ಕಲ್ಲಿನ ಭಾರ ಏರಿದಂತೆ ಎತ್ತುವವನ ಸಾಮರ್ಥ್ಯವೂ ಏರುತ್ತದೆ. ನಡಿಗೆಯಿಂದಲೂ ಈಜಿನಿಂದಲೂ ದಮ್ಮು ಹೆಚ್ಚುತ್ತದೆ. ಬೇಳೆ, ಹಾಲು, ಮಾಂಸಗಳಿಂದ ಮೈ ತುಂಬುತ್ತದೆ. ಇದನ್ನೆಲ್ಲ ಸೋಮೇಶ್ವರನ ಆಸ್ಥಾನದ ಮಲ್ಲಾಚಾರ್ಯರು ಅನುಭವದಿಂದ ಅರಿತಿದ್ದರು. ಇಂದಿನ ಯಾವ ವಿಜ್ಞಾನವೂ ಈ ಅನುಭವವನ್ನು ಸುಳ್ಳೆಂದು ಹೇಳಿಲ್ಲ. ಪ್ರಶ್ನೆಯಿರುವುದು ಬೇರೆ ಎಡೆಯಲ್ಲಿ. ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ಅರಿವು ಒಂದು. ಅದು ಏಕೆ ಹೀಗಾಗುತ್ತದೆ ಎಂಬ ಅರಿವು ಇನ್ನೊಂದು. ಮಲ್ಲವಿನೋದವು ಮೊದಲನೆಯದನ್ನು ಮಾತ್ರ ಬಯಸಿದ ಪ್ರಕರಣ. ಎರಡನೆಯದನ್ನು ಅದು ಕೇಳಿಯೇ ಇಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರವನ್ನು ಹೊರಡಿಸುವುದು ಗ್ರಂಥಕ್ಕೆ ಮಾಡುವ ಗೌರವವಲ್ಲ.

ಇಲ್ಲಿ ಶಬ್ದದ ತೊಡಕೂ ಒಂದಿದೆ. ಇದರಿಂದ ಆಗಿರುವ ಗೊಂದಲ ಅಲ್ಪವಲ್ಲ. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಕುಗ್ಗಿ ಹಿಗ್ಗಿ ಅಂಗಗಳನ್ನು ಆಡಿಸುವ ಮಾಂಸಖಂಡ. ಮರಾಠಿಯಲ್ಲಿಯೂ ಹಾಗೆಯೇ. ಆದರೆ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪೇಶಿಗಳು 500, ಸ್ನಾಯುಗಳು 900 ಎಂದು ಬೇರೆ ಬೇರೆಯಾಗಿ ಎಣಿಸಿದೆ. ಅಲ್ಲಿ ಪೇಶಿಯೆಂದರೆ ಮಾಂಸಖಂಡ. ಸ್ನಾಯುವೆಂದರೆ ಎಲುಬುಕೀಲುಗಳನ್ನು ಬಿಗಿದು ಕಟ್ಟುವ ನಾರಿನಂಥ ಬಂಧನ. ಇನ್ನು ಬಂಗಾಳಿಯಲ್ಲಿ ಅದೇ ಶಬ್ದವು ನರವೆಂಬ ಅರ್ಥದಲ್ಲಿ ರೂಢವಾಗಿದೆ. ಹೀಗಿರುವಾಗ ಹಳೆಯ ಸಂಸ್ಕೃತ ಗ್ರಂಥದಲ್ಲಿ ಸ್ನಾಯುಶಬ್ದವನ್ನು ಕಂಡೊಡನೆ ಅದಕ್ಕೆ ಇಂದಿನ ಕನ್ನಡದ ಅರ್ಥವನ್ನು ಹಚ್ಚಿ, ಆ ಅರ್ಥಕ್ಕೆ ಇಂದಿನ ಪಾಠಪುಸ್ತಕದ ವಿಷಯವನ್ನೆಲ್ಲ ತುಂಬಿ, 'ಇದೆಲ್ಲ ಅಲ್ಲಿಯೇ ಇದೆ' ಎಂದು ಸಾರಿದರೆ ಅದು ಸಂಶೋಧನವಾಗದು. ಶಾಸನದ ಒಂದು ಅಕ್ಷರವನ್ನು ತಪ್ಪಾಗಿ ಓದಿ ಒಂದು ರಾಜವಂಶವನ್ನೇ ಹುಟ್ಟಿಸಿದವರ ಕಥೆಗಳನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿರುತ್ತಾರೆ. ಇದೂ ಅದೇ ಜಾತಿಯದು.

ಇನ್ನು ಇಂದಿನ ವಿಜ್ಞಾನವು ಏನನ್ನು ಕಂಡಿದೆ? ಮಾಂಸಖಂಡವು ಎಳೆಎಳೆಯಾಗಿ ಜೋಡಿಸಿದ ತಂತುಗಳ ಕಟ್ಟು. ಒಂದೊಂದು ತಂತುವೂ ಅನೇಕ ಕೇಂದ್ರಗಳುಳ್ಳ ಒಂದು ನೀಳವಾದ ಜೀವಕೋಶ. ಅದರೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನಿನ ಎಳೆಗಳು ಒಂದರ ಮೇಲೊಂದು ಜಾರುವುದರಿಂದ ಮಾಂಸಖಂಡ ಕುಗ್ಗುತ್ತದೆಂಬುದನ್ನು 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಪ್ರತಿಪಾದಿಸಿದವು. ಎರಡರಲ್ಲಿಯೂ ಹಕ್ಸ್‌ಲಿ ಎಂಬ ಹೆಸರಿನ ಒಬ್ಬೊಬ್ಬ ವಿಜ್ಞಾನಿಯಿದ್ದರು, ಅವರು ಸಂಬಂಧಿಗಳಲ್ಲ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬವರು ಕಪ್ಪೆಯ ಮಾಂಸತಂತುವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ತಂತುವಿನ ಹೊರಪೊರೆಗೂ ಅದನ್ನು ಸುತ್ತಿದ ಕವಚಕ್ಕೂ ನಡುವೆ ಅಡಗಿ ಕುಳಿತ ಪುಟ್ಟ ಕೋಶಗಳನ್ನು ಕಂಡರು. ಉಪಗ್ರಹಕೋಶಗಳೆಂದು ಹೆಸರಾದ ಇವು ಸುಮ್ಮನಿರುವ ಕಾಲದಲ್ಲಿ ನಿದ್ರಿಸುತ್ತವೆ. ತಂತುವಿಗೆ ಪೆಟ್ಟಾದಾಗ ಎಚ್ಚತ್ತು, ಹೆಚ್ಚಿ, ತಂತುವಿನೊಡನೆ ಬೆರೆತು ಅದನ್ನು ಸರಿಪಡಿಸುತ್ತವೆ. ಸಂಗ್ರಾಣಿ ಕಲ್ಲನ್ನು ಎತ್ತುವವನ ಮೈಯಲ್ಲಿ ತಂತುಗಳ ಸಂಖ್ಯೆ ಹೆಚ್ಚುವುದು ತೀರ ಕಡಿಮೆ. ಇದ್ದ ತಂತುಗಳೇ ದಪ್ಪವಾಗುತ್ತವೆ. ಭಾರದ ಸೆಳೆತವೂ ಆಹಾರದಲ್ಲಿಯ ಅಮೈನೋ ಆಮ್ಲಗಳೂ ಕೋಶದೊಳಗಿನ ಕೆಲವು ಸಂಕೇತಗಳನ್ನು ಎಬ್ಬಿಸಿ ಪ್ರೋಟೀನಿನ ನಿರ್ಮಾಣವನ್ನು ಚುರುಕುಗೊಳಿಸುವುದೇ ಇದಕ್ಕೆ ಕಾರಣ. ಅರಮನೆಯ ಬೇಳೆ, ಹಾಲುಗಳಿಗೂ ಭಾರಶ್ರಮಕ್ಕೂ ಇರುವ ನಂಟು ಇದೇ.

ಇಲ್ಲಿಯವರೆಗೆ ಹಳೆಯ ಆಚರಣೆಗೂ ಹೊಸ ವಿವರಣೆಗೂ ಹೊಂದಿಕೆಯಿದೆ ಎನ್ನಬಹುದು. ಆದರೆ 1997ರಲ್ಲಿ ಅಮೇರಿಕದ ಸೆ-ಜಿನ್ ಲೀ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಗತಿಯು ಮಲ್ಲವಿನೋದದ ಕಲ್ಪನೆಯ ಪೂರ್ತಿ ಹೊರಗಿನದು. (ಗದಗವು ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೂ ಅದೇ, ನಮ್ಮವರಿಗೆ ನೆನಪಿಟ್ಟುಕೊಳ್ಳಲು ಸುಲಭ.) ಮಾಂಸಖಂಡವು ಮಿತಿಮೀರಿ ಬೆಳೆಯದಂತೆ ತಡೆಯುವ ಒಂದು ಪ್ರೋಟೀನನ್ನು ಮಾಂಸಖಂಡವೇ ಹುಟ್ಟಿಸುತ್ತದೆ. ಅದಕ್ಕೆ ಮಯೋಸ್ಟಾಟಿನ್ ಎಂದು ಹೆಸರು. ಅದರ ಜೀನನ್ನು ಕೆಡಿಸಿದ ಇಲಿಗಳಲ್ಲಿ ಮಾಂಸಖಂಡಗಳು ಎರಡು ಮೂರು ಪಟ್ಟು ತೂಗಿದವು. ಬೆಲ್ಜಿಯಂ ದೇಶದ ಒಂದು ತಳಿಯ ದನಗಳು ಹುಟ್ಟಿನಿಂದಲೇ ಉಬ್ಬಿದ ಮಾಂಸವುಳ್ಳವಾಗಿರುವುದಕ್ಕೂ ಇದೇ ಜೀನಿನ ದೋಷ ಕಾರಣವೆಂದು ಅದೇ ವರ್ಷ ತಿಳಿದುಬಂದಿತು. 2004ರಲ್ಲಿ ಜರ್ಮನಿಯ ಒಂದು ಮಗುವಿನಲ್ಲಿಯೂ ಇದು ಕಂಡಿತು. ಆ ಮಗು ಯಾವ ಗರಡಿಗೂ ಹೋಗಿರಲಿಲ್ಲ. ಸೋಮೇಶ್ವರನ ಲೆಕ್ಕದಲ್ಲಿ ಬಲವು ಅನ್ನ, ಶ್ರಮ, ಸಂಯಮ ಈ ಮೂರರ ಫಲ, ಗಳಿಸಿಕೊಳ್ಳತಕ್ಕ ವಸ್ತು. ಬೆಳೆವಣಿಗೆಗೆ ದೇಹವೇ ಹಾಕಿದ ಒಂದು ಕಡಿವಾಣವುಂಟೆಂಬುದನ್ನು ಈ ಲೆಕ್ಕದಿಂದ ಊಹಿಸಲು ಸಾಧ್ಯವಿರಲಿಲ್ಲ. ಸಾಧ್ಯವಿತ್ತೆನ್ನುವವರು ಗ್ರಂಥದ ಯಾವ ಶ್ಲೋಕದಿಂದ ಎಂಬುದನ್ನು ತೋರಿಸಬೇಕಾಗುತ್ತದೆ.

ನಾನು ಮುಖ್ಯವಾಗಿ ಆಕ್ಷೇಪಿಸುವುದು ಕ್ಷಯದ ವಿಷಯದಲ್ಲಿ. ದೇಹ ಕೃಶವಾಗುವುದನ್ನು ನಮ್ಮ ಪ್ರಾಚೀನರು ಆಲೋಚಿಸಿರಲಿಲ್ಲವೆಂದಲ್ಲ. ಚರಕಸಂಹಿತೆಯು ರಾಜಯಕ್ಷ್ಮಕ್ಕೆ ಹೇಳುವ ನಾಲ್ಕು ಕಾರಣಗಳಲ್ಲಿ ಮೊದಲನೆಯದು ಸಾಹಸ, ಎಂದರೆ ಶಕ್ತಿಮೀರಿದ ಕೆಲಸ. ದುರ್ಬಲನು ಬಲವಂತನೊಡನೆ ಸೆಣಸುವುದೂ, ಹೊರಲಾರದ ಭಾರವನ್ನು ಹೊರುವುದೂ ಅದರಲ್ಲಿ ಸೇರಿದೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟೇ ಮಾಡಬೇಕೆಂಬುದು ಆಯುರ್ವೇದದ ಪ್ರಸಿದ್ಧ ನಿಯಮ. ಮಲ್ಲವಿನೋದಕ್ಕಿಂತ ವೈದ್ಯಸಂಹಿತೆಗಳು ಈ ವಿಷಯದಲ್ಲಿ ಎಚ್ಚರವಾಗಿದ್ದುವೆನ್ನಬೇಕು. ಆದರೂ ಎರಡು ಕಡೆಯೂ ಕ್ಷಯವೆಂಬುದು ಅನ್ನ, ಶ್ರಮ, ನಡತೆಗಳ ಏರುಪೇರಿನಿಂದ ಬರುವಂಥದು. ಈ ತಿಳಿವಳಿಕೆಯು ಗ್ರಂಥದಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಇಂದಿಗೂ ನಮ್ಮ ಮನೆಗಳಲ್ಲಿ ಬದುಕಿದೆ.

ಒಂದು ಬಗೆಯ ರೋಗವನ್ನು ನೋಡಿರಿ. ಮೂರರಿಂದ ಐದು ವರ್ಷದ ಗಂಡುಮಗು ಓಡುವಾಗ ಪದೇಪದೇ ಬೀಳುತ್ತದೆ. ನೆಲದಿಂದ ಏಳಬೇಕಾದರೆ ತನ್ನ ತೊಡೆಗಳನ್ನೇ ಕೈಯಿಂದ ಊರಿಕೊಂಡು, ತನ್ನ ಮೈಯನ್ನೇ ಏಣಿಯಾಗಿ ಮಾಡಿಕೊಂಡು ಏರುತ್ತದೆ. ಆದರೆ ಅದರ ಮೀನಖಂಡಗಳು ದಪ್ಪವಾಗಿ, ಗಟ್ಟಿಯಾಗಿ, ಕಿರಿಯ ಮಲ್ಲನ ಕಾಲಿನಂತೆ ಕಾಣುತ್ತವೆ. ನೋಡಿದವರು ಇವನಿಗೆ ಬಲವಿಲ್ಲವೆಂದು ನಂಬಲಾರರು. ಮೈಗಳ್ಳನೆಂದಾರು, ಗರಡಿಗೆ ಹಾಕಿರೆಂದಾರು, ಹಾಲು ಬೇಳೆ ಸಾಲದೆಂದಾರು. ಹುಡುಗನು ಹನ್ನೆರಡರ ಸುಮಾರಿಗೆ ನಡೆಯಲಾರದಂತಾಗುತ್ತಾನೆ. ಮುಂದೆ ಉಸಿರಾಟಕ್ಕೂ ಹೃದಯಕ್ಕೂ ಅದೇ ಗತಿ. ಫ್ರಾನ್ಸಿನ ಡ್ಯೂಶೆನ್ ಎಂಬ ವೈದ್ಯನು 1868ರಲ್ಲಿ ವಿಸ್ತಾರವಾಗಿ ವರ್ಣಿಸಿದ್ದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಮೈಕಟ್ಟನ್ನು ನೋಡಿ ಬಲವನ್ನು ಅಳೆಯುವುದು ಮಲ್ಲವಿನೋದದ ಕ್ರಮ. ಅದೇ ಕ್ರಮವು ಇಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ, ಏಕೆಂದರೆ ಆ ದಪ್ಪವು ಬಹುಮಟ್ಟಿಗೆ ಮಾಂಸದ ಸ್ಥಾನದಲ್ಲಿ ತುಂಬಿಕೊಂಡ ಕೊಬ್ಬು ಮತ್ತು ನಾರು.

ಡ್ಯೂಶೆನ್ನನಿಗಿಂತ ಮೊದಲೇ, 1851ರ ಕೊನೆಯಲ್ಲಿ, ಲಂಡನ್ನಿನ ಎಡ್ವರ್ಡ್ ಮೆರಿಯನ್ ಎಂಬ ವೈದ್ಯನು ಈ ರೋಗವನ್ನು ಒಂದು ವಿದ್ವತ್ಸಭೆಯ ಮುಂದೆ ನಿವೇದಿಸಿದ್ದನು. ಅದು ಮರುವರ್ಷ ಅಚ್ಚಾಯಿತು. ಒಂದೇ ಮನೆಯ ಗಂಡುಮಕ್ಕಳಿಗೆ ರೋಗ ಬರುವುದನ್ನೂ, ಬೆನ್ನುಹುರಿ ಕೆಡದೆ ಮಾಂಸಖಂಡವೇ ಕೆಡುವುದನ್ನೂ ಅವನು ಕಂಡಿದ್ದನು. ಸೂಕ್ಷ್ಮದರ್ಶಕದಲ್ಲಿ ಮಾಂಸತಂತುವಿನ ಹೊರಪೊರೆ ಹರಿದು ನಾಶವಾಗಿರುವುದನ್ನೂ ಬರೆದಿಟ್ಟನು. 1987ರಲ್ಲಿ ಲೂಯಿ ಕುಂಕೆಲ್, ಎರಿಕ್ ಹಾಫ್‌ಮನ್ ಮೊದಲಾದವರು ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ಕಂಡುಹಿಡಿದಾಗ ಮೆರಿಯನ್ನನ ಆ ಸಾಲಿಗೆ ಹೊಸ ಬೆಲೆ ಬಂದಿತು. ಡಿಸ್ಟ್ರೋಫಿನ್ ಒಂದು ನೀಳವಾದ ಪ್ರೋಟೀನು. ತಂತುವಿನ ಒಳಗಟ್ಟನ್ನು ಹೊರಪೊರೆಗೆ ಬಿಗಿದು ಕಟ್ಟಿ, ಪ್ರತಿಯೊಂದು ಸೆಳೆತದಲ್ಲಿಯೂ ಪೊರೆ ಹರಿಯದಂತೆ ಕಾಪಾಡುವುದು ಅದರ ಕೆಲಸ. ಅದರ ಜೀನು ಇಪ್ಪತ್ತು ಲಕ್ಷಕ್ಕೂ ಮಿಕ್ಕ ಅಕ್ಷರಗಳುಳ್ಳದ್ದು, 79 ತುಂಡುಗಳಾಗಿ ಹರಡಿಕೊಂಡದ್ದು, ಎಕ್ಸ್ ವರ್ಣತಂತುವಿನ ಮೇಲಿರುವಂಥದು. ಆದುದರಿಂದಲೇ ತಾಯಿಯಿಂದ ಮಗನಿಗೆ ದೋಷ ಬರುವುದು. ಸುಮಾರು ಮೂರರಲ್ಲೊಂದು ಪಾಲು ರೋಗಿಗಳಲ್ಲಿ ತಾಯಿಯಲ್ಲಿಯೂ ದೋಷವಿಲ್ಲದೆ ಹೊಸದಾಗಿ ಹುಟ್ಟುವುದೂ ಉಂಟು. ಐದು ಸಾವಿರದ ಸುಮಾರು ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆ.

ಮೆರಿಯನ್ನನು ಡಿಸ್ಟ್ರೋಫಿನ್ನನ್ನು ಮೊದಲೇ ಅರಿತಿದ್ದನೆಂದು ಯಾರೂ ಹೇಳುವುದಿಲ್ಲ. ಅವನು ಕಂಡದ್ದನ್ನು ಕಂಡಷ್ಟೇ ಬರೆದನು. ಅದರ ಕಾರಣವು ಒಂದು ನೂರ ಮೂವತ್ತೈದು ವರ್ಷಗಳ ಮೇಲೆ ತಿಳಿಯಿತು. ಸೋಮೇಶ್ವರನ ಬಗೆಗೂ ನಾವು ಇದೇ ನ್ಯಾಯವನ್ನು ಅನುಸರಿಸಿದರೆ ಸಾಕು. ಹರಿಯುವ ಪೊರೆಯುಳ್ಳ ಈ ಮಕ್ಕಳಿಗೆ ಭಾರಶ್ರಮವು ಔಷಧವಲ್ಲ. ಅತಿಭಾರದ ಸಾಧನೆಯು ತಂತುಗಳನ್ನು ಇನ್ನಷ್ಟು ಹರಿಯುತ್ತದೆ. ಹಳೆಯ ಗ್ರಂಥದಲ್ಲಿ ಸ್ನಾಯುವಿಜ್ಞಾನವೆಲ್ಲ ಅಡಗಿದೆಯೆಂದು ವೇದಿಕೆಯ ಮೇಲಿಂದ ಹೇಳುವವರ ಮಾತನ್ನು ಕೇಳಿ ಹೋದ ವಿದ್ಯಾರ್ಥಿಯೊಬ್ಬನು ತನ್ನ ತಮ್ಮನಿಗೆ ಕಲ್ಲು ಎತ್ತಿಸಿದರೆ ಆ ಪಾಪ ಯಾರದು?

ಕರ್ನಾಟಕದಲ್ಲಿ ಈ ವಿಷಯದ ನಿಜವಾದ ಸಂಶೋಧನೆ ನಡೆದೇ ಇದೆ. ಹೆಮ್ಮೆಪಡಬೇಕೆನ್ನುವವರು ಅದನ್ನು ನೋಡಬಹುದು. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರೀದೇವಿ ಮತ್ತು ಅವರ ಸಹೋದ್ಯೋಗಿಗಳು, ಒಂದೇ ಕೈ ಅಥವಾ ಒಂದೇ ಕಾಲು ಕೃಶವಾಗಿ ಕೆಲವು ವರ್ಷಗಳ ಮೇಲೆ ಅಲ್ಲಿಗೇ ನಿಂತುಬಿಡುವ ಒಂದು ರೋಗವನ್ನು ತಮ್ಮ ರೋಗಿಗಳಲ್ಲಿ ಗುರುತಿಸಿ ಅದಕ್ಕೆ ಏಕಾಂಗ ಕೃಶತೆ ಎಂಬ ಅರ್ಥದ ಹೆಸರನ್ನಿಟ್ಟರು. ಆ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸಲ್ಲುತ್ತದೆ. ಜಪಾನಿನ ಹಿರಾಯಾಮ 1959ರಲ್ಲಿ ಕೈಯನ್ನು ಕುರಿತು ಇಂಥದನ್ನೇ ವರ್ಣಿಸಿದ್ದರು. ಬಹುಮಟ್ಟಿಗೆ ಹದಿವಯಸ್ಸಿನ ಮತ್ತು ಎಳೆಯ ತರುಣರಿಗೆ ಬರುವ ಈ ರೋಗದಲ್ಲಿ ಕೆಡುವುದು ಮಾಂಸಖಂಡವಲ್ಲ, ಅದನ್ನು ಆಳುವ ಬೆನ್ನುಹುರಿಯ ನರಕೋಶಗಳು. ನರದ ಅಪ್ಪಣೆ ತಪ್ಪಿದ ಮಾಂಸವು ತನ್ನ ಪ್ರೋಟೀನುಗಳನ್ನು ತಾನೇ ಕಿತ್ತುಹಾಕತೊಡಗುತ್ತದೆ. ಈ ಕಿತ್ತುಹಾಕುವಿಕೆಯೂ ಒಂದು ಕ್ರಮಬದ್ಧವಾದ ಕಾರ್ಯವೆಂದು, ಅದಕ್ಕಾಗಿಯೇ ಕೆಲವು ಜೀನುಗಳು ಎಚ್ಚರಗೊಳ್ಳುವುವೆಂದು 2001ರಲ್ಲಿ ತಿಳಿದುಬಂದಿತು. ಹಾಸಿಗೆ ಹಿಡಿದವರಲ್ಲಿ, ಅರ್ಬುದರೋಗಿಗಳಲ್ಲಿ, ಉಪವಾಸದಲ್ಲಿ ಮೈ ಕರಗುವುದೂ ಇದೇ ಮಾರ್ಗದಿಂದ. ಇನ್ನು ಸೊಂಟ ಮತ್ತು ಭುಜಗಳ ಮಾಂಸ ಕ್ಷಯಿಸುವ ಬೇರೊಂದು ಗುಂಪಿನ ರೋಗಗಳಲ್ಲಿ ಹಲವು, ತಂದೆತಾಯಿಗಳಿಬ್ಬರಿಂದಲೂ ದೋಷ ಬಂದಾಗ ಮಾತ್ರ ತಲೆದೋರುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಬಲವಾಗಿರುವ ನಮ್ಮ ಉತ್ತರ ಕರ್ನಾಟಕದಲ್ಲಿ ಇದನ್ನು ಅರಿಯಬೇಕಾದ ಮನೆಗಳು ಅನೇಕವಿವೆ. ಹಳೆಯ ವಂಶಾವಳಿಗಳನ್ನು ಬಿಡಿಸುವ ಕೆಲಸ ಇತಿಹಾಸದವರಿಗೆ ಹೊಸದಲ್ಲ. ತಳಿವೈದ್ಯನು ಕೇಳುವುದೂ ಮೊದಲು ಅದನ್ನೇ.

ಹೊಸ ವಿಜ್ಞಾನವನ್ನು ಹೊಗಳುವವರಲ್ಲಿಯೂ ಅತಿರೇಕವಿಲ್ಲದಿಲ್ಲ. ಮಯೋಸ್ಟಾಟಿನ್ ಕಡಿವಾಣವನ್ನು ಬಿಚ್ಚಿದರೆ ಕ್ಷಯರೋಗಗಳೆಲ್ಲ ವಾಸಿಯಾಗುವುವೆಂದು 1997ರ ಅನಂತರ ಬಹಳ ಆಸೆಯನ್ನು ಹುಟ್ಟಿಸಲಾಯಿತು. ಇಲಿಗೆ ಫಲಿಸಿದ್ದು ಮಗುವಿಗೆ ಫಲಿಸಲಿಲ್ಲ. ಡ್ಯೂಶೆನ್ ರೋಗದ ಮಕ್ಕಳಲ್ಲಿ ನಡೆದ ಅಂಥ ಒಂದು ದೊಡ್ಡ ಪ್ರಯೋಗವನ್ನು ಫೈಜರ್ ಕಂಪನಿ 2018ರಲ್ಲಿ ನಿಲ್ಲಿಸಿತು. ಜೀನಿನ ಕೆಟ್ಟ ತುಂಡನ್ನು ಹಾರಿಸಿ ಓದಿಸುವ ಔಷಧಕ್ಕೆ 2016ರಲ್ಲಿಯೂ, ಚಿಕ್ಕದಾಗಿ ಮಾಡಿದ ಡಿಸ್ಟ್ರೋಫಿನ್ ಜೀನನ್ನು ವೈರಸ್ಸಿನ ಮೂಲಕ ಸೇರಿಸುವ ಚಿಕಿತ್ಸೆಗೆ 2023ರಲ್ಲಿಯೂ ಅಮೇರಿಕದಲ್ಲಿ ಅನುಮತಿ ದೊರೆಯಿತು. ಮೊದಲನೆಯದು ಕೆಲವು ಬಗೆಯ ದೋಷಗಳಿಗೆ ಮಾತ್ರ ಸಲ್ಲುತ್ತದೆ. ಎರಡನೆಯದನ್ನು ಪಡೆದವರಲ್ಲಿ ಯಕೃತ್ತು ಕೆಟ್ಟು ಮರಣಗಳು ಸಂಭವಿಸಿದುದು 2025ರಲ್ಲಿ ವರದಿಯಾಯಿತು. ಎರಡರ ಬೆಲೆಯೂ ಬೆಳ್ಳಟ್ಟಿಯ ಒಕ್ಕಲುಮಗನು ಎಣಿಸಬಲ್ಲ ಸಂಖ್ಯೆಯಲ್ಲಿಲ್ಲ. ಸ್ಟಿರಾಯ್ಡ್ ಮಾತ್ರೆಗಳಿಂದ ಹುಡುಗನು ಇನ್ನು ಕೆಲವು ವರ್ಷ ನಡೆಯುವಂತಾಗುವುದು, ಮೃದುವಾದ ವ್ಯಾಯಾಮದಿಂದ ಕೀಲುಗಳು ಮುದುಡದಂತೆ ಕಾಯುವುದು, ಉಸಿರಾಟಕ್ಕೂ ಹೃದಯಕ್ಕೂ ಮೊದಲೇ ಕಾವಲಿಡುವುದು, ಇವೇ ಇಂದಿಗೂ ಹೆಚ್ಚುಮಂದಿಗೆ ದೊರೆಯತಕ್ಕ ನೆರವು.

ಮಲ್ಲವಿನೋದಕ್ಕೆ ಮರಳುವುದಾದರೆ, ಅದರ ನಿಜವಾದ ಬೆಲೆ ಅದು ಸಮಾಜವನ್ನು ಕುರಿತು ತಿಳಿಸುವುದರಲ್ಲಿದೆ. ಒಬ್ಬ ಮನುಷ್ಯನ ಮೈಯನ್ನು ಬೆಳೆಸಲು ಎಷ್ಟು ಬೇಳೆ, ಎಷ್ಟು ಹಾಲು, ಎಷ್ಟು ಹೊತ್ತಿನ ಬಿಡುವು ಬೇಕೆಂಬುದನ್ನು ಅರಿತು, ಅದನ್ನೆಲ್ಲ ಅರಮನೆಯ ಉಗ್ರಾಣದಿಂದ ಅಳೆದು ಕೊಡುವ ಆಡಳಿತವೊಂದು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿತ್ತು. ಆ ಹಾಲು ಬೇಳೆಗಳು ಯಾವ ನಾಡಿನ ಒಕ್ಕಲಿನಿಂದ ಬಂದವು, ಪುಲಿಗೆರೆ ಮುನ್ನೂರರಿಂದಲೋ ಬೆಳ್ವೊಲ ಮುನ್ನೂರರಿಂದಲೋ, ಗೋವಲನೆಂಬ ಕೆಳಗಿನ ದರ್ಜೆಯ ಮಲ್ಲನು ಆ ಹೆಸರಿನಿಂದ ತೋರುವಂತೆ ದನಗಾಹಿಗಳ ಪಂಗಡದವನೋ, ವಯಸ್ಸು ಮೀರಿದ ಜ್ಯೇಷ್ಠಿಕನ ಜೀವನ ಹೇಗೆ ಸಾಗುತ್ತಿತ್ತು, ಮುಂದೆ ಮೈಸೂರು ಸೀಮೆಯಲ್ಲಿ ಮುರಿದ ಎಲುಬುಗಳನ್ನು ಕೂಡಿಸುವುದರಲ್ಲಿ ಹೆಸರಾದ ಜಟ್ಟಿಗಳಿಗೂ ಈ ಮಲ್ಲರಿಗೂ ಏನಾದರೂ ಪರಂಪರೆಯ ಸಂಬಂಧವುಂಟೋ ಎಂಬ ಪ್ರಶ್ನೆಗಳಿವೆ. 1964ರಲ್ಲಿ ಬರೋಡೆಯಿಂದಲೇ ಪ್ರಕಟವಾದ ಗುಜರಾತದ ಮಲ್ಲಪುರಾಣವನ್ನೂ ನಮ್ಮ ಊರುಗಳ ವೀರಗಲ್ಲುಗಳನ್ನೂ ಮಾನಸೋಲ್ಲಾಸದ ಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಗದಗ ಜಿಲ್ಲೆಯ ಎಂ. ಎ. ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಕೊಂಡರೆ ಅವರಿಗೆ ಎರಡು ವರ್ಷಕ್ಕೆ ಸಾಲುವಷ್ಟು ಸಾಮಗ್ರಿ ದೊರೆಯುವುದು.